ಬಬಲೇಶ್ವರದ ಬಸ್ಸಿನ ಎರಡು ಹಾರ್ನು

ಕಾದ ಬ್ರೇಕಿನ ವಾಸನೆ ನಿಮಗೆ ಗೊತ್ತಿರಬಹುದು. ಸುಟ್ಟ ರಬ್ಬರು, ಕಬ್ಬಿಣ, ಮೇಲೊಂದಿಷ್ಟು ಡೀಸೆಲ್ ಹೊಗೆ. ಹೋದ ವಾರ ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರ ಮುಂದೆ ಸೈಕಲ್ ತುಳಿಯುತ್ತ ಹೋಗುವಾಗ ಆ ವಾಸನೆ ಮೂಗಿಗೆ ಬಡಿಯಿತು. ಲಾರಿಯೊಂದು ಆಗಷ್ಟೇ ಬಂದು ನಿಂತಿತ್ತು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ಮಾತ್ರ ಕಾಲು ನೆಲಕ್ಕೂರಿ ನಿಂತುಬಿಟ್ಟೆ. ಹಳೆಯ ಹೆದರಿಕೆ ನೆನಪಾಯಿತು, ಅದರ ಹಿಂದೆಯೇ ಡ್ರೈವರ್ ಕಾಕಾ...

ಅವರು ಬಬಲೇಶ್ವರದಿಂದ ವಿಜಯಪುರಕ್ಕೆ ಹೋಗುವ ಮುಂಜಾನೆಯ ಕೆಂಪು ಬಸ್ಸಿನ ಡ್ರೈವರ್. ಊರು ಕಾಖಂಡಕಿ. ನಮಗೆ ನೆಂಟರಲ್ಲ, ನೆರೆಯವರೂ ಅಲ್ಲ. ನಾನು ಬಬಲೇಶ್ವರದ ಹುಡುಗಿ, ಸೈಕಲ್ ರೇಸಿನ ಹುಚ್ಚು ಹಿಡಿದವಳು. ನಮ್ಮ ಸೀಮೆಯಲ್ಲಿ ಸೈಕಲ್ ಕಲಿಯುವವರೆಲ್ಲ ಮಾಡುವ ಒಂದು ಕಳ್ಳ ಕೆಲಸವಿದೆ. ಓಡುವ ಟ್ರ್ಯಾಕ್ಟರಿನ ಹಿಂದೆಯೋ ಬಸ್ಸಿನ ಹಿಂದೆಯೋ ಅಂಟಿಕೊಂಡು ತುಳಿಯುವುದು. ಮುಂದಿನ ಗಾಡಿ ಗಾಳಿಯನ್ನು ತಡೆಯುತ್ತದೆ, ಸೈಕಲ್ ತನ್ನಳವಿಗೆ ಮೀರಿದ ವೇಗದಲ್ಲಿ ಓಡುತ್ತದೆ, ಕಾಲಿಗೆ ಆ ವೇಗ ರೂಢಿಯಾಗುತ್ತದೆ. ಮುಂದೇನಿದೆ ಎಂಬುದು ಮಾತ್ರ ಕಾಣುವುದಿಲ್ಲ. ಕಾಣುವುದು ಬಸ್ಸಿನ ಧೂಳು ಹಿಡಿದ ಬೆನ್ನು ಅಷ್ಟೇ.

ಮೊದಲ ದಿನ ನಾನು ಹೇಳದೆ ಕೇಳದೆ ಹಿಂದೆ ಬಿದ್ದಿದ್ದೆ. ಮುಂದಿನ ಸ್ಟಾಪಿನಲ್ಲಿ ಕಾಕಾ ಇಳಿದು ಬಂದರು. ಹೊಡೆದೇ ಬಿಡುತ್ತಾರೆ ಅಂದುಕೊಂಡೆ.

"ಸಾಯಾಕ ನನ್ನ ಬಸ್ಸ ಬೇಕಾತೇನ್ ಬೇ ನಿನಗ?"

ನಾನು ಅತ್ತೆ. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿದೆ, ನನ್ನ ಜೊತೆ ತುಳಿಯುವವರು ಯಾರೂ ಇಲ್ಲ ಅಂದೆ. ಅತ್ತದ್ದು ಅರ್ಧ ನಿಜ, ಅರ್ಧ ನಾಟಕ. ಅವರಿಗೂ ಅದು ತಿಳಿಯಿತು ಅನ್ನಿಸುತ್ತದೆ. ಮರುದಿನ ಬಸ್ಸು ಹೊರಡುವ ಮೊದಲು ನನ್ನನ್ನು ಕರೆದು ಎರಡು ಕರಾರು ಹಾಕಿದರು. ಒಂದು, ಆಗಾಗ ಎಡಕ್ಕೆ ಸರಿದು ಕನ್ನಡಿಯಲ್ಲಿ ಮುಖ ತೋರಿಸಬೇಕು. ಬಸ್ಸಿನ ನೇರ ಹಿಂದೆ ಇದ್ದವರು ಡ್ರೈವರಿಗೆ ಕಾಣುವುದಿಲ್ಲ. ಇನ್ನೊಂದು, ಹಾರ್ನು.

"ಎರಡ ಸಲ ಗಿಡ್ಡಕ ಹೊಡದ್ನೆಂದ್ರ ಏನೂ ಇಚಾರ ಮಾಡಬ್ಯಾಡ, ಬ್ರೇಕ್ ಹಿಡಿ. ನೋಡೂದು ನನ್ನ ಕೆಲಸ, ಕೇಳೂದು ನಿನ್ನ ಕೆಲಸ."

ಹಾಗೆ ಎಷ್ಟೋ ವರ್ಷ ತುಳಿದೆ. ಗುಂಡಿ ಬಂದರೆ ಎರಡು ಹಾರ್ನು, ಎಮ್ಮೆ ಅಡ್ಡ ಬಂದರೆ ಎರಡು ಹಾರ್ನು, ಸ್ಟಾಪ್ ಬಂದರೆ ಎರಡು ಹಾರ್ನು. ಕೊನೆಕೊನೆಗೆ ಹಾರ್ನು ನನ್ನ ಕಿವಿಗೆ ಬೀಳುವ ಮೊದಲೇ ಬೆರಳು ಬ್ರೇಕನ್ನು ಹಿಡಿದಿರುತ್ತಿತ್ತು. ಮೇಲಿನವರಿಗೆ ಗೊತ್ತಾದರೆ ಕಾಕಾ ಅವರ ಕೆಲಸಕ್ಕೇ ಕುತ್ತು. ಕಂಡಕ್ಟರ್ ಕಂಡೂ ಕಾಣದಂತೆ ಟಿಕೆಟು ಹರಿಯುತ್ತಿದ್ದ. ಆಗ ನನಗೆ ಎಳ್ಳಷ್ಟೂ ಹೆದರಿಕೆ ಇರಲಿಲ್ಲ. ಹೆದರಿಕೆಯನ್ನೆಲ್ಲ ಸ್ಟೇರಿಂಗಿನ ಹಿಂದೆ ಕೂತವರು ವಹಿಸಿಕೊಂಡಿದ್ದರು.

ಮುಂದೆ ರಾಜ್ಯ ಗೆದ್ದೆ, ದೇಶ ಗೆದ್ದೆ. ಬೆಲ್ಜಿಯಂನ ಒಂದು ಸಣ್ಣ ತಂಡ ನನ್ನನ್ನು ಒಂದು ಸೀಸನ್ನಿಗೆ ಕರೆಸಿಕೊಂಡಿತು. ಹೊರಡುವ ದಿನ ರೊಟ್ಟಿಗೆ ನಂಜಿಕೊಳ್ಳಲು ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಪೊಟ್ಟಣ ಹಿಡಿದು ಬಸ್ಸಿನೊಳಗೆ ಕೂತಾಗ ಕಾಕಾ ಕನ್ನಡಿಯಲ್ಲಿ ನೋಡಿ ನಕ್ಕರು. ಇಷ್ಟು ವರ್ಷದಲ್ಲಿ ನಾನು ಆ ಬಸ್ಸಿನ ಒಳಗೆ ಕೂತದ್ದು ಅದೇ ಮೊದಲು.

ಅಲ್ಲಿನ ರೇಸಿನ ಬಗ್ಗೆ ಇಲ್ಲಿ ಕೂತು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಹೊಲದ ದಾರಿಯಷ್ಟು ಸಣ್ಣ ರಸ್ತೆ, ಅದರಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರು ಭುಜಕ್ಕೆ ಭುಜ ತಾಗಿಸಿಕೊಂಡು ಓಡುತ್ತಾರೆ. ಮೇಲೆ ಜಿಟಿಜಿಟಿ ಮಳೆ, ಕೆಳಗೆ ಜಾರುವ ಕಲ್ಲುಹಾಸು. ನನ್ನ ಎರಡನೆಯ ರೇಸು ಅದು. ಗುಂಪಿನ ನಡುವೆ ಒಳ್ಳೆಯ ಜಾಗ ಹಿಡಿದಿದ್ದೆ. ಅಧಿಕಾರಿಗಳ ಮೋಟರ್ ಸೈಕಲ್ಲೊಂದು ಗುಂಪನ್ನು ದಾಟಿ ಮುಂದೆ ಹೋಗಬೇಕಿತ್ತು. ಪಕ್ಕಕ್ಕೆ ಸರಿಯಿರಿ ಎಂದು ಅದರ ಸವಾರ ಹಾರ್ನು ಹೊಡೆದ. ಎರಡು ಸಲ, ಗಿಡ್ಡಕ್ಕೆ.

ನಾನು ಬ್ರೇಕ್ ಹಿಡಿದೆ.

ಹಿಡಿದೆ ಅನ್ನುವುದೂ ತಪ್ಪು, ಕೈ ಹಿಡಿಯಿತು. ಹಿಂದಿದ್ದವರು ನನ್ನ ಮೇಲೆ ಬಂದು ಬಿದ್ದರು. ಸೈಕಲ್ಲುಗಳು ಮುರಿಯುವ ಸದ್ದು, ಆಮೇಲೆ ಒಂದು ಹುಡುಗಿಯ ಕೂಗು... ಭುಜದ ಹತ್ತಿರ ನನ್ನ ಕೊರಳೆಲುಬು ಮುರಿದಿತ್ತು. ಆ ಹುಡುಗಿಯ ಬಾಯಿ ತುಂಬ ರಕ್ತ. ನನ್ನದೇ ತಂಡದವಳು, ನನಗೆ ಅಲ್ಲಿನ ಅಂಗಡಿಯಲ್ಲಿ ಅಕ್ಕಿ ಹುಡುಕಿಕೊಟ್ಟವಳು.

ತಂಡದ ಮ್ಯಾನೇಜರ್ ಕಾರಣ ಕೇಳಿದಾಗ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲುಬು ಕೂಡಿದ ಮೇಲೆ ಒಂದೇ ಒಂದು ರೇಸಿನಲ್ಲಿ ನೋಡುತ್ತೇವೆ, ಮತ್ತೆ ಹೀಗಾದರೆ ನಿನ್ನನ್ನು ಗುಂಪಿನಲ್ಲಿ ಬಿಡಲಾಗದು ಅಂದರು. ನಾನು ಊರಿಗೆ ಬಂದೆ. ವಿಜಯಪುರದ ಬೀದಿಯಲ್ಲಿ ಆಟೋ ಹಾರ್ನು ಹೊಡೆದರೆ ಖಾಲಿ ಕೈಯ ಬೆರಳು ಮಡಚಿಕೊಳ್ಳುತ್ತಿತ್ತು. ಬೀಳುವ ಹೆದರಿಕೆ ಇರಲಿಲ್ಲ, ಬಿದ್ದರೆ ಎಲುಬು ಕೂಡುತ್ತದೆ. ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಇನ್ನೊಬ್ಬಳ ಮುಖ ಒಡೆಯುತ್ತದೆ ಎಂಬ ಹೆದರಿಕೆ ಅದು.

ಬಸ್ ನಿಲ್ದಾಣದಲ್ಲಿ ಕಾಕಾ ಸಿಕ್ಕರು. ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿದ್ದ ಕೈ ನೋಡಿ, "ಹೆಂಗ ಬಿದ್ದಿಯವ್ವಾ?" ಅಂದರು.

"ಯಾರೋ ಎರಡ ಸಲ ಹಾರ್ನ್ ಹೊಡದ್ರರಿ ಕಾಕಾರ. ಬ್ರೇಕ್ ಹಿಡದ್ನಿರಿ."

ನಗುತ್ತಲೇ ಹೇಳಿದ್ದೆ. ಅವರು ನಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಬಸ್ ಹತ್ತಿ ಕೂತರು. ಆಮೇಲೆ ಸುಮಾರು ದಿನ ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ನನಗೆ ಸಿಟ್ಟು ಬಂತು. ಬಿದ್ದವಳು ನಾನು, ಮುನಿಸು ಇವರಿಗಾ?

ಎಲುಬು ಕೂಡಿ ನಾನು ಮತ್ತೆ ಸೈಕಲ್ ಹತ್ತಿದ ದಿನ ಅವರೇ ಬಸ್ಸಿನಿಂದ ಇಳಿದು ನನ್ನ ಹತ್ತಿರ ಬಂದರು. "ನಾ ಕಲಸಿದ್ದು ನಾನ ಬಿಡಸ್ತೀನಿ. ಇವತ್ತಿಂದ ಸುಳ್ಳ ಹಾರ್ನ್ ಹೊಡೀತೀನಿ. ಬ್ರೇಕ್ ಹಿಡಿಯಂಗಿಲ್ಲ ನೀ. ನಿನ್ನ ಕಣ್ಣಲೆ ನೋಡಿ ಹಿಡಿ."

ಅವತ್ತಿನಿಂದ ಆ ಬಸ್ಸು ದಾರಿಯುದ್ದಕ್ಕೂ ಕಾರಣವಿಲ್ಲದೆ ಕೂಗುತ್ತ ಹೋಯಿತು. ಎರಡೆರಡು ಸಲ, ಗಿಡ್ಡಕ್ಕೆ. ಮೊದಮೊದಲು ಪ್ರತಿ ಸಲವೂ ನನ್ನ ಕೈ ಬ್ರೇಕ್ ಹಿಡಿಯುತ್ತಿತ್ತು, ಬಸ್ಸು ಮುಂದೆ ಹೋಗಿಬಿಡುತ್ತಿತ್ತು, ಕಾಕಾ ನಿಧಾನಿಸಿ ಕಾಯುತ್ತಿದ್ದರು. ಒಳಗೆ ಕೂತವರಿಗೆ ತಲೆ ಕೆಟ್ಟುಹೋಯಿತು. ನಿಡೋಣಿಯಿಂದ ಕಾಯಿಪಲ್ಲೆ ತರುವ ಹೆಂಗಸೊಬ್ಬಳು ಒಂದು ದಿನ ತಡೆಯಲಾರದೆ ಕೇಳಿದಳಂತೆ, "ರಸ್ತಾದಾಗ ನಾಯಿ ಸೈತ ಇಲ್ಲೋ ಯಪ್ಪಾ, ಯಾರಿಗಿ ಹೊಡೀತಿ?"

"ಹಾರ್ನ್ ಕೆಟ್ಟೈತ್ರಿ ಅಕ್ಕಾರ."

ಈಗ ನನಗೆ ಹೆದರಿಕೆ ಅಂದರೇನು ಎಂದು ಗೊತ್ತಾಯಿತು. ಹಾರ್ನು ಸುಳ್ಳಾದ ಮೇಲೆ ಆ ಕೆಂಪು ತಗಡಿನ ಮುಂದೆ ಏನಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಎಡಕ್ಕೆ ಇಣುಕಬೇಕು, ಬಸ್ಸಿನ ಹೊಟ್ಟೆಯ ಕೆಳಗಿಂದ ರಸ್ತೆ ನೋಡಬೇಕು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಒಂದು ದಿನ ಎರಡು ಹಾರ್ನು ಬಂತು. ಕೈ ಅಲುಗಲಿಲ್ಲ. ಖುಷಿಪಡುವಷ್ಟರಲ್ಲಿ ಬಸ್ಸಿನ ಕೆಳಗಿನಿಂದ ಎಮ್ಮೆಯ ಕಾಲುಗಳು ಕಂಡವು. ಹಾರ್ನು ನಿಜದ್ದಾಗಿತ್ತು. ಬಸ್ಸು ಕಿರ್ರೆಂದು ನಿಂತಿತು. ನಾನು ಎಡಕ್ಕೆ ಎಳೆದುಕೊಂಡು, ಭುಜ ಬಸ್ಸಿನ ಮೂಲೆಗೆ ಉಜ್ಜಿ, ರಸ್ತೆಯ ಅಂಚಿನ ಕರಿಮಣ್ಣಿಗೆ ಇಳಿದು ನಿಂತೆ. ಕಾದ ಬ್ರೇಕಿನ ಆ ವಾಸನೆ ಸುತ್ತೆಲ್ಲ ತುಂಬಿತ್ತು. ಕಾಕಾ ಇಳಿದು ಓಡಿ ಬಂದರು. ನನ್ನ ತಲೆ, ಭುಜ, ಕೈ ಮುಟ್ಟಿ ಮುಟ್ಟಿ ನೋಡಿದರು. ಹಾಗೇ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು.

"ನೀ ಕನ್ನಡ್ಯಾಗ ಕಾಣಲಿಲ್ಲಂದ್ರ ದಿನಾ ನನಗ ಜೀವ ಹೋದಂಗ ಆಗತೈತಿ ಬೇ," ಅಂದರು. "ಇವತ್ತ ನನ್ನ ಹಾರ್ನ್ ನಂಬಲಿಲ್ಲ ನೀ. ಚಲೋ ಆತು," ಅಂದರು. ಕಣ್ಣು ಒರೆಸಿಕೊಂಡರು. ಅದು ಸಮಾಧಾನವೋ ದುಃಖವೋ ನನಗೆ ಆಗ ತಿಳಿಯಲಿಲ್ಲ.

ಬೆಲ್ಜಿಯಂಗೆ ಮರಳಿದೆ. ಪರೀಕ್ಷೆಯ ರೇಸಿನಲ್ಲಿ ಮಳೆ ಇತ್ತು, ಮೋಟರ್ ಸೈಕಲ್ಲುಗಳೂ ಇದ್ದವು. ಹೆದರಿಕೆಯಿಂದ ಹಲ್ಲು ಕಟಕಟ ಅನ್ನುತ್ತಿತ್ತು. ಬಾಯಿ ಒಡೆದುಕೊಂಡಿದ್ದ ಆ ಹುಡುಗಿ ಅವತ್ತು ನನ್ನ ಹಿಂದಿನ ಚಕ್ರಕ್ಕೇ ಅಂಟಿಕೊಂಡಂತೆ ತುಳಿದು ಬಂದಳು. ಯಾಕೆ ಹಾಗೆ ನಂಬಿದಳೋ ಇವತ್ತಿಗೂ ಕೇಳಿಲ್ಲ. ಗುಂಪಿನ ಜೊತೆಯೇ ಗೆರೆ ದಾಟಿದೆ. ನನ್ನ ಜಾಗ ಉಳಿಯಿತು. ಕಾಕಾ ಅವರಿಗೆ ಫೋನ್ ಮಾಡಿದೆ.

"ಹಾರ್ನ್ ಕೇಳಿಸ್ತೇನ?"

"ಕೇಳಿಸ್ತರಿ ಕಾಕಾರ. ಕೈ ಅಲುಗಲಿಲ್ರಿ."

ಬಸ್ಸು ಹೊರಡುವ ಹೊತ್ತಾಯಿತೆಂದು ಫೋನ್ ಇಟ್ಟರು. ಅದೇ ಕೊನೆಯ ಮಾತು. ಆ ಸೀಸನ್ನು ಮುಗಿಯುವ ಮೊದಲೇ ಕಾಖಂಡಕಿಯ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಅವ್ವ ಫೋನಿನಲ್ಲಿ ಹೇಳಿದಾಗ ನಾನು ಯಾವುದೋ ಹೆಸರರಿಯದ ಊರಿನಲ್ಲಿ ಸೈಕಲ್ ತೊಳೆಯುತ್ತಿದ್ದೆ. ಮಣ್ಣಿಗೂ ಬರಲಾಗಲಿಲ್ಲ.

ಹೋದ ವಾರ ಆ ಗ್ಯಾರೇಜಿನ ಮುಂದಿನಿಂದ ನಾನು ವಿಜಯಪುರದ ಬಾಡಿಗೆ ಮನೆಗೆ ಹೋಗಲಿಲ್ಲ, ಬಬಲೇಶ್ವರದ ರಸ್ತೆ ಹಿಡಿದೆ. ಊರು ದಾಟಿದ ಮೇಲೆ ಹಿಂದಿನಿಂದ ಕೆಂಪು ಬಸ್ಸು ಬಂತು. ಯಾರೋ ಹೊಸ ಡ್ರೈವರ್. ಪಕ್ಕಕ್ಕೆ ಸರಿಯಲೆಂದು ಎರಡು ಸಲ ಗಿಡ್ಡಕ್ಕೆ ಹಾರ್ನು ಹೊಡೆದ. ನಾನು ನನ್ನ ಕೈಯನ್ನೇ ನೋಡಿಕೊಂಡೆ. ಬೆರಳುಗಳು ಬ್ರೇಕಿನ ಮೇಲೇ ಇದ್ದವು, ಅಲುಗಲಿಲ್ಲ. ಒಂದೇ ಒಂದು ಸಲ ಅಲುಗಬಾರದಿತ್ತೇ ಅನ್ನಿಸಿ ಕಣ್ಣು ತುಂಬಿ ಬಂತು. ಕಾಕಾ ನನ್ನಲ್ಲಿ ಬಿಟ್ಟದ್ದು ಅದೊಂದೇ ಆಗಿತ್ತು, ಅದನ್ನೂ ತಾವೇ ಅಳಿಸಿ ಹೋದರು.

ಬಸ್ಸು ದಾಟಿತು. ನಾನು ಎಡಕ್ಕೆ ಸರಿದು ಅದರ ಕನ್ನಡಿಗೆ ಮುಖ ತೋರಿಸಿದೆ. ಅವನು ನೋಡಲಿಲ್ಲ.