ಎರಡನೆಯ ಭಾಗದ ಮೇಲೆ ಒಂದು ತಂಬಿಗೆ ನೀರು

೧೯೭೮ರ ಮೇ ತಿಂಗಳ ಕಡೆಯ ಶನಿವಾರ ಮಧ್ಯಾಹ್ನ, ಆರ್.ಟಿ. ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿತ್ತಿಲಲ್ಲಿ, ಮಾಲೀಕರ ಹೆಂಡತಿ ಒಂದು ಕಾದಂಬರಿಯ ಮೇಲೆ ಒಂದು ತಂಬಿಗೆ ನೀರು ಸುರಿದರು. ಪುಸ್ತಕ ಸರ್ಕ್ಯುಲೇಟಿಂಗ್ ಲೈಬ್ರರಿಯದು. ಅದನ್ನು ಮಡಿ ಮಾಡುವುದು ಅವರ ಉದ್ದೇಶವಾಗಿತ್ತು.

ನನಗೆ ಆಗ ಹದಿಮೂರು ವರ್ಷ. ಮಾಲೀಕರ ಮನೆಯವರು ಮಹಡಿಯ ಮೇಲೆ, ನಾವು ಕೆಳಗೆ. ಅವರ ಮೊಮ್ಮಗಳು ನನಗಿಂತ ಒಂದು ವರ್ಷ ಚಿಕ್ಕವಳು. ನಾವಿಬ್ಬರೂ ಹಿಂದಿನ ವರ್ಷ ಹದಿಹರೆಯದವರಿಗಾಗಿ ಬರೆದ ಒಂದು ಮಾಯಾಲೋಕದ ಕಾದಂಬರಿಯ ಮೊದಲ ಭಾಗ ಓದಿದ್ದೆವು. ಅವಳು ನಾಲ್ಕು ಸಲ ಓದಿದ್ದಳು. ಕೆರೆಯ ತಳದಲ್ಲಿ ಒಂದು ಊರಿದೆ. ನೀರು ಬಿಡುವ ತೂಬಿನೊಳಗೆ ಇಳಿದರೆ ಅಲ್ಲಿಗೆ ದಾರಿ. ಒಬ್ಬ ಹುಡುಗ ಇಳಿಯುತ್ತಾನೆ, ಒಬ್ಬಳು ಹುಡುಗಿ ದೀಪ ಹಿಡಿದು ಅವನ ಹಿಂದೆ ಹೋಗುತ್ತಾಳೆ. ಭಾಗ ಮುಗಿಯುವಾಗ ತೂಬು ಮುಚ್ಚಿಕೊಳ್ಳುತ್ತದೆ. ಹುಡುಗ ಒಳಗೆ, ಹುಡುಗಿ ಹೊರಗೆ.

ಮುಂದಿನ ಭಾಗಕ್ಕಾಗಿ ನಾವು ಎಂಟು ತಿಂಗಳು ಕಾದೆವು. ಲೈಬ್ರರಿಗೆ ಬಂದದ್ದು ಒಂದೇ ಪ್ರತಿ. ನಮ್ಮ ಸರದಿ ಬಂದದ್ದು ಆ ಶುಕ್ರವಾರ, ಸೋಮವಾರ ವಾಪಸು ಕೊಡಬೇಕು. ಶನಿವಾರದವರೆಗೆ ನಾನು, ಭಾನುವಾರ ಅವಳು ಎಂದು ಒಪ್ಪಂದವಾಗಿತ್ತು.

ಎರಡನೆಯ ಭಾಗ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಊರು ಹೇಗಿದೆ, ಯಾರು ಯಾರ ಮಗ ಎಂದು ಹೇಳಿ ಮುಗಿಸುವ ಕೆಲಸ ಅದಕ್ಕಿರಲಿಲ್ಲ. ಎಲ್ಲ ಬಾಗಿಲೂ ನಮಗೆ ಗೊತ್ತಿತ್ತು. ಮೊದಲ ಪುಟದಲ್ಲೇ ನಾನು ಒಳಗಿದ್ದೆ. ಮೊದಲ ಭಾಗದಲ್ಲಿ ಒಳ್ಳೆಯವನಾಗಿದ್ದ, ತೂಬು ಕಾಯುವ ನೀರುಗಂಟಿ ಇಲ್ಲಿ ಸುಳ್ಳು ಹೇಳುತ್ತಿದ್ದ, ಅದು ಓದುವ ನನಗೆ ಗೊತ್ತಾಗುತ್ತಿತ್ತು, ಹುಡುಗಿಗೆ ಗೊತ್ತಾಗುತ್ತಿರಲಿಲ್ಲ. ದೀಪ ಹಿಡಿದು ಹಿಂದೆ ನಡೆದಿದ್ದವಳು ಈಗ ಒಬ್ಬಳೇ ನಡೆಯಬೇಕಿತ್ತು. ತೂಬು ತೆಗೆದರೆ ಕೆರೆ ಬರಿದಾಗಿ ಮೇಲಿನ ಹಳ್ಳಿಗಳಿಗೆ ನೀರಿಲ್ಲ. ತೆಗೆಯದಿದ್ದರೆ ಹುಡುಗ ಇಲ್ಲ.

ಶುಕ್ರವಾರ ಸಂಜೆ ನಾನು ಮುಟ್ಟಾದೆ. ಅಮ್ಮನಿಗೆ ಸ್ವತಃ ಅಂಥ ಕಟ್ಟುನಿಟ್ಟು ಇರಲಿಲ್ಲ. ಆದರೆ "ಮೇಲಿನವ್ರು ನೋಡ್ತಾರೆ" ಎಂದು ನನ್ನನ್ನು ಹಿತ್ತಿಲ ಜಗಲಿಯಲ್ಲಿ ಕೂರಿಸಿದರು. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಬಚ್ಚಲ ಮೋರಿ ಮೂರು ಮಾರು ದೂರದಲ್ಲಿತ್ತು. ಊಟವನ್ನು ಎತ್ತರದಿಂದ ತಟ್ಟೆಗೆ ಹಾಕುತ್ತಿದ್ದರು. ಸಾರು ಸಿಡಿದು ಪಾದದ ಮೇಲೆ ಬೀಳುತ್ತಿತ್ತು, ನೊಣ ಅಲ್ಲಿಗೇ ಬರುತ್ತಿತ್ತು. ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ, ಹಾಗಾಗಿ ಶನಿವಾರ ಮಧ್ಯಾಹ್ನದ ಹೊತ್ತಿಗೆ ಎರಡು ಅಧ್ಯಾಯ ಮಾತ್ರ ಉಳಿದಿತ್ತು.

ಮಾಲೀಕರ ಮೊಮ್ಮಗಳು ಆಗ ಕೆಳಗಿಳಿದು ಬಂದಳು.

"ಮುಗೀತೇನೇ?"

"ಇನ್ನು ಸ್ವಲ್ಪ."

"ಮೊದಲ್ನೇ ಅಧ್ಯಾಯ ಒಂದೇ ಓದಿ ಕೊಡ್ತೀನಿ ಕಣೇ, ಇಲ್ಲೇ ನಿಂತ್ಕೊಂಡು. ದೇವರಾಣೆ."

ನಾನು ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಮೆಟ್ಟಿಲ ಮೇಲಿಂದ ಅವಳ ಅಜ್ಜಿ ನೋಡಿದರು.

"ಅಯ್ಯೋ, ಮುಟ್ಟಿಬಿಟ್ಯಲ್ಲೇ! ಹಾಕು ಕೆಳಗೆ!"

ಅವಳು ಹೆದರಿ ಬಿಟ್ಟುಬಿಟ್ಟಳು. ಪುಸ್ತಕ ಬೋರಲಾಗಿ ಬಿತ್ತು. ಅಜ್ಜಿ ಒಳಗೆ ಹೋಗಿ ತಂಬಿಗೆ ತಂದರು, ಆತುರವಿಲ್ಲದೆ, ತುಳಸಿಗೆ ಎರೆಯುವ ಹಾಗೆ ಹಿಂದಿನ ರಟ್ಟಿನಿಂದ ಶುರುಮಾಡಿ ಪೂರ್ತಿ ಸುರಿದರು. ಕಡೆಯ ಪುಟಗಳಿಗೇ ಹೆಚ್ಚು ನೀರು ಹೋಯಿತು. ಆಮೇಲೆ ಮೊಮ್ಮಗಳಿಗೆ ಹೇಳಿದರು: "ನೀನು ತಲೆಗೆ ಸ್ನಾನ ಮಾಡು. ಪುಸ್ತಕ ಮಡಿಯಾಯ್ತು, ಒಣಗಿಸ್ಕೊಂಡು ಓದ್ಕೋ."

ಪುಸ್ತಕವನ್ನು ತಾರಸಿಯ ಮೇಲೆ ಸಂಡಿಗೆಯ ಪಕ್ಕ ಒಣಗಲು ಇಟ್ಟರು. ನಾನು ಮೆಟ್ಟಿಲು ಹತ್ತುವಂತಿರಲಿಲ್ಲ. ಭಾನುವಾರ ಸಂಜೆ ಅವಳು ಅದನ್ನು ತಂದು ಎರಡು ಹೆಜ್ಜೆ ದೂರದಿಂದ ತೋರಿಸಿದಳು. ಅಗ್ಗದ ಕಾಗದ ಉಬ್ಬಿ ಮುದ್ದೆಯಾಗಿತ್ತು. ಬೆನ್ನಿನ ಗೋಂದು ಕರಗಿ ಲೋಳೆಯಂತೆ ಇಳಿದು ಒಣಗಿತ್ತು, ಅದಕ್ಕೆ ಇರುವೆ ಅಂಟಿ ಸತ್ತಿದ್ದವು. ಲೈಬ್ರರಿಯ ನೇರಳೆ ಮುದ್ರೆ ನೆನೆದು ಹತ್ತಾರು ಪುಟಗಳಿಗೆ ಇಳಿದಿತ್ತು. ಅವಳು ಬಿಡಿಸಲು ಹೋದರೆ ಪುಟ ಹರಿಯುತ್ತಿತ್ತು. ಹಳಸಿದ ಗಂಜಿಯ ವಾಸನೆ. ನನಗೆ ಅಸಹ್ಯವಾಯಿತು. ಆ ಅಸಹ್ಯ ಪುಸ್ತಕದ ಮೇಲಿನದಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು.

ಸೋಮವಾರ ಅಪ್ಪ ಅದನ್ನು ಲೈಬ್ರರಿಗೆ ಒಯ್ದರು. ಅಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಿದ್ದ ನಾನೂ ಜೊತೆಗೆ ಹೋದೆ.

"ಏನ್ ಸಾರ್ ಇದು, ಪುಸ್ತಕಾನೋ ಒಬ್ಬಟ್ಟೋ?" ಎಂದ ಲೈಬ್ರರಿಯವನು.

"ಮಳೇಲಿ ನೆನೀತು."

"ಯಾವ ಮಳೆ ಸಾರ್? ನಮ್ಮ ಕಡೆ ಬರ್ಲಿಲ್ವಲ್ಲ?"

ಅಪ್ಪ ಪುಸ್ತಕದ ಬೆಲೆ ಕೊಟ್ಟರು. ಬರುವ ದಾರಿಯಲ್ಲಿ ನನ್ನ ಕಡೆ ನೋಡದೆ, "ಮನೆ ಅವರದು ಕಣಮ್ಮ," ಎಂದರು. ಇನ್ನೊಂದು ಪ್ರತಿ ತರಿಸಿಕೊಡಿ ಎಂದು ನಾನು ಲೈಬ್ರರಿಯವನನ್ನು ಮೂರು ಸಲ ಹೋಗಿ ಕೇಳಿದೆ. ಅಚ್ಚು ಹಾಕಿಸಿದವರ ಹತ್ತಿರವೇ ಇಲ್ಲ ಎಂದ.

ಉಳಿದದ್ದು ನಾನು ಓದಿದ ಭಾಗ. ಅದನ್ನು ಗೆಳತಿಗೆ ಮೆಟ್ಟಿಲ ಮೇಲೆ ಕೂತು ನಾಲ್ಕು ಸಂಜೆ ಹೇಳಿದೆ. ಅಜ್ಜಿ ಮೇಲಿನ ಮೆಟ್ಟಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಎರಡನೆಯ ಸಂಜೆ ನಾನು ನೀರುಗಂಟಿಯ ಸುಳ್ಳಿಗೆ ಬಂದಾಗ ಮೊರದ ಸದ್ದು ನಿಂತಿತು. ಮೂರನೆಯ ಸಂಜೆ ಅವರು ಒಂದು ಮೆಟ್ಟಿಲು ಕೆಳಗೆ ಕೂತಿದ್ದರು. ನಾಲ್ಕನೆಯ ಸಂಜೆ ಕಥೆಯಲ್ಲಿ ಹುಡುಗಿ ಕಬ್ಬಿಣದ ಸಲಾಕೆ ಹಿಡಿದು ತೂಬಿನ ಮುಂದೆ ನಿಂತಳು. ನಾನು ನಿಲ್ಲಿಸಿದೆ.

"ಆಮೇಲೆ?" ಎಂದಳು ಗೆಳತಿ.

"ಅಲ್ಲಿವರ್ಗೇ ಓದಿದ್ದು."

"ಏನೋ ಒಂದು ಹೇಳೇ. ನೀನೇ ಕಟ್ಟಿ ಹೇಳು, ನಾನೇನು ಕೇಳ್ತೀನಾ ಪುಸ್ತಕದಲ್ಲಿತ್ತಾ ಅಂತ?"

"ಗೊತ್ತಿಲ್ಲದ್ದು ಹೆಂಗೆ ಹೇಳ್ಲಿ?"

"ಜಂಬ ನಿಂಗೆ!" ಅವಳ ಕಣ್ಣಲ್ಲಿ ನೀರು ಬಂದಿತ್ತು.

ಆಗ ಅಜ್ಜಿ ಬಾಯಿ ಹಾಕಿದರು. "ಅಲ್ವೇ, ಅಷ್ಟು ದೂರ ಹೇಳಿ ಹಿಂಗೆ ಬಿಟ್ರೆ ಹೆಂಗೆ? ಆ ಮಗು ತೂಬು ತೆಗೀತೋ ಇಲ್ವೋ?"

"ಗೊತ್ತಿಲ್ಲ ಅಜ್ಜಿ," ಎಂದೆ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಕಥೆ ಅಲ್ಲಿಗೇ ನಿಂತದ್ದು ತಮ್ಮಿಂದಲೇ ಎಂಬುದರ ಸುಳಿವೂ ಆ ಮುಖದಲ್ಲಿರಲಿಲ್ಲ. ಅದಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ನನ್ನ ದನಿ. ಅದು ಮೆತ್ತಗೆ, ಮರ್ಯಾದೆಯಿಂದ ಬಂದಿತ್ತು.

ಅವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಮುಂದೆ ಪ್ರೌಢಶಾಲೆ ಮುಗಿಯುವ ತನಕ, ಸಿಕ್ಕಾಗಲೆಲ್ಲ ಕೇಳುತ್ತಿದ್ದಳು, "ಆ ಪುಸ್ತಕ ಸಿಕ್ತೇನೇ?" ೧೯೮೪ರಲ್ಲಿ ಅವಳ ಮದುವೆಯಾಯಿತು, ಚಿಕ್ಕಬಾಣಾವರ ಸ್ಟೇಷನ್ ಹತ್ತಿರದ ಮನೆಗೆ. ಛತ್ರದಲ್ಲಿ, ಹಾರ ಹಾಕಿಕೊಂಡು ನಿಂತಲ್ಲೇ, ನನ್ನ ಕಿವಿಯಲ್ಲಿ ಅದನ್ನೇ ಕೇಳಿದಳು.

೧೯೮೭ರಲ್ಲಿ ನಾನು ಒಂದು ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ವಿಮರ್ಶೆಗೆ ಬಂದು ಯಾರೂ ತೆರೆಯದ ಹಳೆಯ ಪುಸ್ತಕಗಳ ರಾಶಿಯಲ್ಲಿ ಎರಡನೆಯ ಭಾಗ ಸಿಕ್ಕಿತು. ಕಡೆಯ ಎರಡು ಅಧ್ಯಾಯವನ್ನು ನಿಂತೇ ಓದಿದೆ. ಹುಡುಗಿ ತೂಬು ತೆಗೆಯುತ್ತಾಳೆ. ಕೆರೆ ಬರಿದಾಗುತ್ತದೆ. ಹುಡುಗ ಹೊರಗೆ ಬರುವುದಿಲ್ಲ. ತೆರೆದ ತೂಬಿನೊಳಗೆ ಅವಳು ದೀಪವಿಲ್ಲದೆ ಇಳಿಯುತ್ತಾಳೆ. ಮೂರನೆಯ ಭಾಗ ಅಚ್ಚಾದ ದಾಖಲೆ ನನಗೆ ಎಲ್ಲೂ ಸಿಗಲಿಲ್ಲ.

ಸಂಪಾದಕರ ಅನುಮತಿ ಪಡೆದು ಪುಸ್ತಕವನ್ನು ಗೆಳತಿಯ ಹೆಸರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಲುಪಿದ ರಸೀದಿ ಒಂಬತ್ತನೆಯ ದಿನ ವಾಪಸು ಬಂತು. ಸಹಿ ಅವಳ ಮಾವನದು. ಪುಸ್ತಕ ಅವಳ ಕೈ ಸೇರಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.