ಫೋನಿಗೆ ಹಚ್ಚಿದ ಕುಂಕುಮ

ಫೋನಿನಲ್ಲಿ ಟೈಪ್ ಮಾಡಲು ಕಲಿತು ನನಗಿನ್ನೂ ತಿಂಗಳು ತುಂಬಿಲ್ಲ. ಆಗಲೇ ಇಂಗ್ಲಿಷ್ ಹಾಳಾಗುವುದಕ್ಕೆ ನನ್ನದೂ ಒಂದು ಕೈ ಸೇರಿದೆಯಂತೆ! ಹಾಗೆಂದವನು ನನ್ನ ಸೊಸೆ ರತ್ನಳ ಅಣ್ಣ ನಾಗೇಶ. ಶಿರಾದಲ್ಲಿ ಇಂಗ್ಲಿಷ್ ಮೇಷ್ಟ್ರು. ನಾನು ದಿನಾ ಬೆಳಿಗ್ಗೆ ಅವನಿಗೆ 'ಜಿಎಂ' ಎಂದು ಕಳಿಸುತ್ತೇನೆ. ಅವನು 'ಗುಡ್ ಮಾರ್ನಿಂಗ್' ಎಂದು ಪೂರ್ತಿ ಬರೆದು ಹಿಂದಕ್ಕೆ ಕಳಿಸುತ್ತಾನೆ, ಗುಂಡಿ ಬಿಚ್ಚಿಕೊಂಡು ಬಂದ ಹುಡುಗನ ಅಂಗಿಗೆ ಗುಂಡಿ ಹಾಕಿ ಕಳಿಸಿದ ಹಾಗೆ. ನಮ್ಮ ಮಿಡಿಗೇಶಿ ಕೋಟೆ ಬಿದ್ದಾಗಲೂ ಯಾರೂ ಇಷ್ಟು ಮರುಗಿರಲಿಕ್ಕಿಲ್ಲ.

ಮೊಮ್ಮಗಳಿಗೆ ಕಿವಿ ಚುಚ್ಚಿಸುವ ದಿನ ಗೊತ್ತಾಯಿತು. ರತ್ನ ಒಲೆಯ ಮೇಲೆ ಹುರುಳಿಕಾಳು ಇಟ್ಟುಕೊಂಡೇ ವಿಷಯ ತಿಳಿಸಿ, ಕೊನೆಗೆ 'ಪ್ಲೀಸ್ ಕಮ್' ಎನ್ನುವುದನ್ನು ನಾಲ್ಕೈದು ಅಕ್ಷರಕ್ಕೆ ಇಳಿಸಿ ಅಣ್ಣನಿಗೆ ಕಳಿಸಿದಳು. ಕೂಡಲೇ ಅವನ ಫೋನು.

"ಇದೇನ್ ಕರಿಯೋದೇನಮ್ಮಿ, ಬಸ್ ನಂಬ್ರಾ? ಒಡಹುಟ್ಟಿದೋನ್ನ ಕರಿಯಾಕೆ ಪೂರಾ ಮಾತಿಗೂ ಬರವಾ? ನಾನ್ ಬರಾಕಿಲ್ಲ ಹೋಗು."

"ಬರ್ದೇ ಇದ್ರೆ ಬುಡು!" ಎಂದು ರತ್ನ ಫೋನಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುರುಳಿ ತಳ ಹಿಡಿಯಿತು. ಸೋದರಮಾವನ ತೊಡೆಯಿಲ್ಲದೆ ನಮ್ಮಲ್ಲಿ ಮಗುವಿನ ಕಿವಿಗೆ ಸೂಜಿ ತಾಕಿಸುವುದಿಲ್ಲ.

ನನಗೆ ನಮ್ಮತ್ತೆಯ ಕಾಲ ನೆನಪಾಯಿತು. ಊರೂರಿಗೆ ಕರೆಯಲು ಹೋದಾಗ, ಮನೆಯವರು ಹೊಲಕ್ಕೆ ಹೋಗಿ ಬಾಗಿಲಿಗೆ ಬೀಗ ಬಿದ್ದಿದ್ದರೆ, ಬಾಗಿಲಿಗೆ ಒಂದು ಬೊಟ್ಟು ಕುಂಕುಮ ಹಚ್ಚಿ ಬರುತ್ತಿದ್ದೆವು. ಕರೆದಂತೆಯೇ ಲೆಕ್ಕ. ಕರೆದದ್ದು ಯಾರ ಮನೆಗೆ, ಯಾವತ್ತಿಗೆ ಎಂಬುದನ್ನು ಪಕ್ಕದ ಮನೆಯವರು ಹೇಳುತ್ತಿದ್ದರು. ಕುಂಕುಮ ನೋಡಿಯೂ ಬಾರದವರನ್ನು ಊರೇ ಆಡಿಕೊಳ್ಳುತ್ತಿತ್ತು. ಅದಕ್ಕಿಂತ ಚಿಕ್ಕ ಮೆಸೇಜನ್ನು ಈಗಿನ ಹುಡುಗರೂ ಬರೆಯಲಾರರು. ಆದರೂ ಕನ್ನಡ ಕೆಟ್ಟಿತೆಂದು ಯಾರೂ ಎದೆ ಬಡಿದುಕೊಳ್ಳಲಿಲ್ಲ.

ಫೋನಿನ ಬೊಂಬೆಗಳ ಸಂತೆಯಲ್ಲಿ ಹುಡುಕಿ ಹುಡುಕಿ ಒಂದು ಕೆಂಪು ಬೊಟ್ಟು ಹೆಕ್ಕಿದೆ. ನಾಗೇಶನಿಗೆ ಕಳಿಸಿದೆ. ಮತ್ತೊಂದು ಅಕ್ಷರವಿಲ್ಲ.

"ಅತ್ತೆ, ಏನಿದು?" ಎಂದು ಫೋನು ಮಾಡಿದ.

"ನಿನ್ ಬಾಗ್ಲು ಹಾಕಿತ್ತು ಕಣಪ್ಪ. ಕುಂಕ್ಮ ಹಚ್ಚಿ ಬಂದಿವ್ನಿ."

"ನಾನ್ ಮನೇಲೇ ಇದ್ನಲ್ಲ?"

"ಇದ್ದೆ, ಬಾಗ್ಲು ಹಾಕ್ಕಂಡಿದ್ದೆ. ಈಗ ಅದ್ರಾಗೊಂದು ತಪ್ಪು ತಗಿ ನೋಡಾನ!"

ಆ ಕಡೆಯಿಂದ ಒಂದು ನಗು ಕೇಳಿತು.

ಭಾನುವಾರ ಮೊದಲನೇ ಬಸ್ಸಿಗೇ ಬಂದಿಳಿದ, ಗರಿಗರಿ ಪಂಚೆಯಲ್ಲಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಚಾರಿ ಸೂಜಿ ಎತ್ತಿದ್ದೇ ತಡ, ಮಗುವಿಗಿಂತ ಮೊದಲು ಇವನೇ ಕಿರುಚಿದ. "ಅಯ್ಯಯ್ಯೋ, ಮೆಲ್ಲುಕ್ಕೆ ಕಣಯ್ಯಾ!" ಅಷ್ಟು ಹೊತ್ತು ಬಿಗಿದುಕೊಂಡಿದ್ದ ರತ್ನ ನಕ್ಕೂ ನಕ್ಕೂ ಅಣ್ಣನ ಹೆಗಲಿಗೇ ಒರಗಿದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ 'ಜಿಎಂ' ಕಳಿಸಿದೆ. ಗುಂಡಿ ಹಾಕಿದ ಉತ್ತರ ಬರಲಿಲ್ಲ. ಬಂದದ್ದು ಒಂದು ಕೆಂಪು ಬೊಟ್ಟು.

"ಏನತ್ತೆ ಇದು? ಅಣ್ಣನ್ ಮನೇಲೇನು ಇಸೇಸ?" ಎಂದಳು ರತ್ನ.

ಯಾರಿಗೆ ಗೊತ್ತು! ಶಿರಾದಲ್ಲಿ ಅವನ ಪಕ್ಕದ ಮನೆಯವರ ನಂಬರು ನನ್ನಲ್ಲಿಲ್ಲ. ಹಾಗೆಂದು ಕುಂಕುಮ ಕಂಡ ಮೇಲೆ ಸುಮ್ಮನೆ ಕೂರುವಂತೆಯೂ ಇಲ್ಲ. ರೇಷ್ಮೆ ಸೀರೆಯನ್ನಂತೂ ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹಾಕಿದ್ದೇನೆ.