ತಂಗಿ ಕೇಳಿದ ಗುರುತು

ದೇವರು ಪ್ರಾರ್ಥನೆಗೆ ಉತ್ತರ ಕೊಟ್ಟ ಎಂದು ನಮ್ಮ ಸಭೆಯಲ್ಲಿ ಯಾರಾದರೂ ಎದ್ದು ಸಾಕ್ಷಿ ಹೇಳಿದರೆ, ಆ ಉತ್ತರ ಯಾವ ದಾರಿಯಲ್ಲಿ ಬಂದಿರಬಹುದು ಎಂದು ಯೋಚಿಸುವುದು ನನಗೆ ಅಭ್ಯಾಸವಾಗಿದೆ. ಅವರ ಮೇಲೆ ಅನುಮಾನವಲ್ಲ. ಒಮ್ಮೆ ಆ ದಾರಿಯಲ್ಲಿ ನಾನೇ ನಿಂತಿದ್ದೆ.

ನಾನು ಓದಿದ್ದು ಏಳನೇ ಕ್ಲಾಸು. ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸುತ್ತೇನೆ, ಮನೆ ಲಗ್ಗೆರೆಯಲ್ಲಿ. ಅಮ್ಮನಿಗೆ ಲಕ್ವ ಹೊಡೆದ ಮೇಲೆ ಅವಳನ್ನು ನೋಡಿಕೊಂಡವಳು ನನ್ನ ತಂಗಿ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿಬಿಡುತ್ತಿದ್ದೆವು. ಹೀಗಿರುವಾಗ ಹೊಸಕೋಟೆ ಕಡೆಯ, ಕಿವಿ ಕೇಳದ ಮಕ್ಕಳ ಹಾಸ್ಟೆಲೊಂದರಿಂದ ತಂಗಿಗೆ ಕರೆ ಬಂತು. ಅಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ನಮ್ಮ ಬೀದಿಯ ಮಾತು ಬಾರದ ಹುಡುಗಿಯ ಜೊತೆ ಬೆಳೆದು ಅವಳು ಕೈಸನ್ನೆಯಲ್ಲಿ ಜಗಳವಾಡುವಷ್ಟು ಕಲಿತಿದ್ದಳು.

ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ ಎಲ್ಲರೂ ತಮ್ಮ ಪ್ರಾರ್ಥನೆ ವಿಷಯ ಮೊದಲು ಹೇಳುತ್ತಾರೆ. ಪಾಸ್ಟರ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ತಂಗಿ ಮಾತ್ರ ಬೇರೆ ಥರ.

"ನಾನು ಯಾರ್ಗೂ ಹೇಳಲ್ಲ ಕಣಣ್ಣ. ಹೋಗ್ಬೇಕೋ ಇರ್ಬೇಕೋ, ಪಾಸ್ಟರ್ ಬಾಯಲ್ಲಿ ತಾನಾಗೇ ಬರ್ಲಿ. ಬಂದ್ರೆ ಅದು ಕರ್ತನ ಮಾತು."

"ಬರ್ದೇ ಇದ್ರೆ?"

"ಮುಂದಿನ ಶುಕ್ರವಾರ ಕಾಯ್ತೀನಿ. ನಿಂಗ್ಯಾಕೆ ಅರ್ಜೆಂಟು?"

ನನಗೆ ಅರ್ಜೆಂಟಿತ್ತು. ಅವಳು ಹೋದರೆ ಅಮ್ಮನ ಮಗ್ಗುಲು ಬದಲಿಸುವವರು ಯಾರು? ಗುರುವಾರ ಶಿಫ್ಟ್ ಮುಗಿಸಿ ನೇರ ಪಾಸ್ಟರ್ ಮನೆಗೆ ಹೋದೆ.

"ತಂಗಿ ಮನೆ ಬಿಟ್ಟು ಹೋಗೋ ಯೋಚನೆಲಿದ್ದಾಳೆ ಪಾಸ್ಟರ್. ಅಮ್ಮನ ಗತಿ ಏನು? ಅವಳಿಗೋಸ್ಕರ ಪ್ರಾರ್ಥನೆ ಮಾಡಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮರುದಿನ ಅವರು ಅವಳ ತಲೆ ಮೇಲೆ ಕೈಯಿಟ್ಟು, "ಮಗಳೇ, ತಾಯಿಯ ಬಳಿಯಲ್ಲೇ ಇರು" ಎಂದರು. ತಂಗಿ ಅತ್ತಳು. ಹಾಸ್ಟೆಲಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಭಾನುವಾರ ಸಭೆಯಲ್ಲಿ ಎದ್ದು ನಿಂತು, ಕರ್ತನು ತನಗೆ ಸ್ಪಷ್ಟವಾಗಿ ದಾರಿ ತೋರಿಸಿದ ಎಂದು ಸಾಕ್ಷಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಲೇತ್‌ನಲ್ಲಿ ತಿರುಗುವ ಜಾಬು, ಅಂದರೆ ಕಡೆಯುವ ಲೋಹದ ತುಂಡು, ನೇರವಾಗಿದೆಯೇ ಎಂದು ನೋಡಲು ನಾವು ಅದಕ್ಕೆ ಮುಳ್ಳಿರುವ ಡಯಲ್ ಗೇಜ್ ತಾಗಿಸಿ ಇಡುತ್ತೇವೆ. ಕೈ ತಾಗಿದರೆ ಮುಳ್ಳು ಅಲ್ಲಾಡುತ್ತದೆ. ಆ ರೀಡಿಂಗ್ ಲೆಕ್ಕಕ್ಕಿಲ್ಲ ಎಂದು ನಾನೇ ಹೊಸಬರಿಗೆ ಬೈಯುತ್ತೇನೆ. ಒಂದು ದಿನ ಹಾಗೆ ಬೈಯುತ್ತಿದ್ದಾಗ ಪಾಸ್ಟರ್ ಮನೆಗೆ ಹೋಗಿದ್ದ ಆ ಗುರುವಾರ ನೆನಪಾಯಿತು. ಅಂದಿನಿಂದ ಮೆಷಿನ್ ಮುಂದೆಯೇ ನಿಂತು ಪ್ರಾರ್ಥಿಸತೊಡಗಿದೆ: ಹಾಸ್ಟೆಲಿನವರು ತಂಗಿಯನ್ನು ಇನ್ನೊಂದು ಸಲ ಕರೆಯಲಿ.

ಕರೆದರು. ನಂಬಲಾಗದೆ ನೋಡುತ್ತಿದ್ದೆ. ತಂಗಿ ಫೋನಿನಲ್ಲಿ, "ಇಲ್ಲ ಮೇಡಂ, ಇಲ್ಲೇ ಇರು ಅಂತ ದೇವ್ರೇ ಹೇಳಿದ್ದಾನೆ" ಎಂದಳು. ಇನ್ನು ಬಾಯಿ ಬಿಡದೆ ಬೇರೆ ದಾರಿ ಇರಲಿಲ್ಲ. ಅವಳು ಅಮ್ಮನ ತಲೆ ಬಾಚಲು ಕೂತಾಗ ಎಲ್ಲವನ್ನೂ ಹೇಳಿದೆ.

ಬಾಚಣಿಗೆ ನಿಂತಿತು. "ಈ ಫೋನೂ ನೀನೇ ಮಾಡಿಸಿದ್ಯಾ?"

"ಇಲ್ಲ. ಪ್ರಾರ್ಥನೆ ಅಷ್ಟೇ ಮಾಡಿದ್ದು."

"ನಿನ್ ಪ್ರಾರ್ಥನೆ ಗೊತ್ತಾಯ್ತಲ್ಲ. ಪಾಸ್ಟರ್ ಮನೇಲಿ ಕೂತು ಮಾಡೋದು ತಾನೆ?"

ನನ್ನ ಎದುರೇ ಹಾಸ್ಟೆಲಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ಮೇಡಂ, ನಮ್ಮಣ್ಣ ನಿಮ್ಗೇನಾದ್ರೂ ಫೋನ್ ಮಾಡಿದ್ನಾ?"

"ನಿಮ್ಗೆ ಅಣ್ಣ ಇದ್ದಾರಾ?" ಎಂದಿತು ಆ ಕಡೆಯ ದನಿ.

ತಂಗಿ ನನ್ನನ್ನೇ ದಿಟ್ಟಿಸಿದಳು. ಆಗ ಅಮ್ಮ ಸೊಟ್ಟಗಾದ ಬಾಯಲ್ಲಿ ಕಷ್ಟಪಟ್ಟು, "ಓಗವ್ವ" ಎಂದಳು. ಇಷ್ಟು ದಿನ ನಾವಿಬ್ಬರೂ ದೇವರನ್ನು ಕೇಳಿದ್ದೆವು. ಪಕ್ಕದಲ್ಲೇ ಮಲಗಿದ್ದ ಅಮ್ಮನನ್ನು ಕೇಳಿರಲಿಲ್ಲ.

ನಾನು ಕಾಯಂ ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡೆ. ಬೆಳಿಗ್ಗೆ ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ಸಂಜೆ ನನ್ನ ಹೆಂಡತಿ, ನಡುವೆ ಪಕ್ಕದ ಮನೆಯ ಅಕ್ಕ. ಬಸ್ ಹತ್ತುವಾಗ ತಂಗಿ, "ನಂಗೋಸ್ಕರ ಪ್ರಾರ್ಥನೆ ಮಾಡಣ್ಣ. ಆದ್ರೆ ಮನೇಲೇ ಮಾಡು" ಎಂದಳು.

ಅವಳು ಉಳಿದುಕೊಂಡ ಆ ದಿನಗಳಲ್ಲೇ, ಅವಳ ಕೈಯಾಸರೆಯಲ್ಲೇ, ಅಮ್ಮ ಎದ್ದು ಕೂರಲು ಕಲಿತಳು. ಅದರಲ್ಲೂ ದೇವರಿದ್ದನೇ ಎಂದು ತಂಗಿಯನ್ನು ಕೇಳಬೇಕೆನಿಸುತ್ತದೆ. ನಾನು ಕೇಳಿದರೆ ಅದು ತಪ್ಪು ಮುಚ್ಚಿಕೊಳ್ಳುವ ಮಾತಾಗುತ್ತದೆ. ಅವಳಾಗಿಯೇ ಆ ಮಾತು ತೆಗೆಯಲಿ ಎಂದು ಸುಮ್ಮನಿದ್ದೇನೆ.